ಒರೆಸಿ ಹೋದ ಹೆಜ್ಜೆಗಳು

ಒಂದು ದಟ್ಟ ಕಾಡಿನ ನಡುವೆ ದೊಡ್ಡ ಕೆರೆಯಿತ್ತು. ಅದರ ಉಸ್ತುವಾರಿ ನರಿಯಣ್ಣನದು. ಮುಳ್ಳುಹಂದಿಗಳಿಗೆ ಮಾತ್ರ ಅಲ್ಲಿ ಬೇರೆ ಕಟ್ಟಳೆ. ಅವು ಎಲ್ಲರೂ ಕುಡಿದ ಮೇಲೆ ಬರಬೇಕು, ಹೋಗುವಾಗ ತಮ್ಮ ಹೆಜ್ಜೆಗುರುತನ್ನು ತಾವೇ ಸೊಪ್ಪಿನಿಂದ ಒರೆಸಬೇಕು. ಅಜ್ಜಿ ಒರೆಸಿದ್ದಳು, ಅವ್ವ ಒರೆಸಿದ್ದಳು, ಈಗ ಸಣ್ಣಿ ಎಂಬ ಮುಳ್ಳುಹಂದಿಯೂ ಒರೆಸುತ್ತಿದ್ದಳು.

ಆಗಷ್ಟೇ ಪಟ್ಟಕ್ಕೆ ಬಂದ ಆನೆಯಮ್ಮ ಕೆರೆಗೆ ಕಾವಲುಗಾರರು ಬೇಕೆಂದು ಡಂಗುರ ಸಾರಿಸಿದಳು. ಕಾವಲಿನವರ ಮಕ್ಕಳುಮರಿ ಯಾವ ಹೊತ್ತಿಗಾದರೂ ನೀರಿಗೆ ಬರಬಹುದಿತ್ತು. ಬಾಯಾರಿ ಅಳುವ ಮಗಳನ್ನು ಸಂಜೆವರೆಗೆ ರಮಿಸಿ ರಮಿಸಿ ಸಣ್ಣಿಗೆ ಸಾಕಾಗಿತ್ತು. ಕೆಲಸ ಕೇಳಲು ಅವಳೂ ಹೋಗಿ ನಿಂತಳು.

ನರಿಯಣ್ಣನಿಗೆ ಮೈಯೆಲ್ಲ ಉರಿಯಿತು. ಮಾತು ಮಾತ್ರ ಬೆಣ್ಣೆ.

"ನಿಯಮ ಎಲ್ಲರಿಗೂ ಒಂದೇ ಅಮ್ಮಾ. ದಂಡೆಯ ಮೇಲೆ ಯಾರ ಕುಲದ ಹೆಜ್ಜೆ ಇದೆಯೋ ಅವರಿಗೇ ಕೆರೆಯ ಒಳಹೊರಗು ಗೊತ್ತು, ಅವರಿಗೇ ಕೆಲಸ. ಜಿಂಕೆಯದಿದೆ, ಕೋತಿಯದಿದೆ. ಮುಳ್ಳುಹಂದಿಯದು ಎಲ್ಲಿದೆ?"

ಸಣ್ಣಿ ದೂರದಿಂದಲೇ ಮೆಲ್ಲಗೆ ಹೇಳಿದಳು: "ನಾವೂ ದಿನಾ ಬರ್ತೀವಿ ಬುದ್ಧೀ..."

"ಬಂದಿದ್ರೆ ಗುರುತು ಇರಬೇಕಿತ್ತಲ್ಲ!"

"ಹತ್ತಿರ ಬಾ ಮಗಳೇ, ನಿನ್ನ ಮಾತು ಕೇಳಿಸ್ತಿಲ್ಲ," ಎಂದಳು ಆನೆಯಮ್ಮ. ಸಣ್ಣಿ ಅಂಜುತ್ತಾ ಹಸಿ ಮಣ್ಣಿನ ಮೇಲೆ ಹೆಜ್ಜೆಯಿಟ್ಟಳು.

ಅಷ್ಟೇ! ನರಿಯಣ್ಣನಿಗೆ ಅಭ್ಯಾಸಬಲ. "ಏಯ್, ಮೊದಲು ಹೆಜ್ಜೆ ಒರೆಸೇ!" ಎಂದು ಗದರಿಬಿಟ್ಟ.

ಆನೆಯಮ್ಮ ನಿಧಾನವಾಗಿ ಅವನತ್ತ ತಿರುಗಿದಳು.

"ಒರೆಸೋಕೆ ಹೇಳೋನೂ ನೀನೇ, ಗುರುತೆಲ್ಲಿ ಅಂತ ಕೇಳೋನೂ ನೀನೇನಾ?"

ನರಿಯಣ್ಣನ ಬಾಲ ಕಾಲ ಸಂದಿಗೆ ಇಳಿಯಿತು. ಉಸ್ತುವಾರಿಯೂ ಅಂದೇ ಕೈತಪ್ಪಿತು. ಹೆಜ್ಜೆ ಒರೆಸುವ ಕಟ್ಟಳೆ ರದ್ದಾಯಿತು. ಕಾವಲಿನಲ್ಲಿ ಒಂದು ಪಾಲನ್ನು ಆನೆಯಮ್ಮ ಮುಳ್ಳುಹಂದಿಗಳಿಗೇ ಮೀಸಲಿಟ್ಟಳು.

ಕೋತಿ ಗೊಣಗಿತು: "ಒರೆಸೋದು ನಿಂತಿತಲ್ಲ, ಇನ್ನು ಎಲ್ಲರೂ ಒಂದೇ. ಮತ್ತೆ ಮೀಸಲು ಯಾಕಮ್ಮಾ?"

"ನಿನ್ನಜ್ಜನ ಹೆಜ್ಜೆ ದಂಡೆ ಮೇಲೆ ಇನ್ನೂ ಇದೆ. ಇವಳಜ್ಜಿಯದನ್ನು ನೀನು ಎಲ್ಲಿಂದ ತಂದುಕೊಡ್ತೀಯಪ್ಪಾ?"

ಕೋತಿ ಪಕ್ಕಕ್ಕೆ ಸರಿದು ಸಣ್ಣಿಗೆ ಜಾಗ ಬಿಟ್ಟಿತು.

ಸಣ್ಣಿಗೆ ಕಾವಲಿನ ಕೆಲಸ ಸಿಕ್ಕಿತು. ಮೊದಮೊದಲು ಅವಳು ತಡವರಿಸಿದಳು. ಜಿಂಕೆ ಅವಳಿಗೆ ಕೆರೆಯ ಆಳವನ್ನೂ ಮೊಸಳೆ ಮಲಗುವ ಜಾಗವನ್ನೂ ತೋರಿಸಿಕೊಟ್ಟಿತು. ಅವಳು ಕಲಿತಳು.

ಒಂದು ಮಧ್ಯಾಹ್ನ ಅವಳ ಮಗಳು ಎಲ್ಲರ ನಡುವೆ ನುಗ್ಗಿ ಬಂದು, ಕೆರೆಗೆ ಬಾಯಿಟ್ಟು ಹೊಟ್ಟೆ ತುಂಬ ಕುಡಿದಳು. ಹಿಂದೆ ತಿರುಗಿಯೂ ನೋಡದೆ ಆಡಲು ಓಡಿದಳು. ಕಾವಲಿಗೆ ನಿಂತಿದ್ದ ಸಣ್ಣಿ ಸಂತೋಷ ತಾಳಲಾರದೆ ಅತ್ತುಬಿಟ್ಟಳು.

ನೀತಿ: ತಲೆಮಾರುಗಟ್ಟಲೆ ಒಬ್ಬರ ದಾರಿಗೆ ಅಡ್ಡ ನಿಂತು, ಆಮೇಲೆ ನಿಯಮ ಎಲ್ಲರಿಗೂ ಒಂದೇ ಎನ್ನುವುದು ನ್ಯಾಯವಲ್ಲ, ಕಸಿದುಕೊಂಡ ಜಾಗವನ್ನು ಬಿಟ್ಟುಕೊಟ್ಟು, ಕೈಹಿಡಿದು ಕರೆತರುವುದೇ ನ್ಯಾಯ.