ಹೂವಿನ ಹಿಂದಿದ್ದ ಬೊಡ್ಡೆ

ವಾರಿಜಮ್ಮನ ಗೇಟಿನ ಪಕ್ಕದ ಬೋಗನ್‌ವಿಲ್ಲಾ ಗಿಡಕ್ಕೆ ಮೂವತ್ತು ವರ್ಷ. ತನ್ನನ್ನು ಬುಡಸಮೇತ ಅಗೆದು, ಕುಂಡದಲ್ಲಿಟ್ಟು ಬೋನ್ಸಾಯ್ ಮಾಡುತ್ತಾರಂತೆ ಎಂದು ಗೊತ್ತಾದ ದಿನ ಅದಕ್ಕೆ ಹಿಗ್ಗೋ ಹಿಗ್ಗು. ಬೀದಿ ಬದಿ ಬಿಟ್ಟು ವರಾಂಡದಲ್ಲಿ ಕೂರುವುದೆಂದರೆ ಸಾಮಾನ್ಯವೇ!

"ಗರಗಸಣ್ಣಾ, ನನ್ನ ಕೊಂಬೆ, ಹೂವು ಎಲ್ಲವನ್ನೂ ಜೋಪಾನವಾಗಿ ಸಾಗಿಸು. ಒಂದೂ ಬಿಟ್ಟುಹೋಗಬಾರದು," ಎಂದಿತು.

"ಕುಂಡ ಇರುವುದು ಒಂದು ಗೇಣು ಆಳ, ತಾಯೀ. ಹೊಸ ಮನೆಗೆ ನೀನೊಬ್ಬಳೇ ಬರಬೇಕು," ಎಂದು ವಾರಿಜಮ್ಮನ ಕೈಯಲ್ಲಿದ್ದ ಗರಗಸ ಕೊಂಬೆಗಳನ್ನೆಲ್ಲ ಉರುಳಿಸಿತು. ಹಾರೆ ಬುಡವನ್ನು ಎಬ್ಬಿಸಿತು.

ಕುಂಡದಲ್ಲಿ ಕೂತಾಗ ಗಿಡದ ಮೈಮೇಲೆ ಒಂದೆಲೆಯೂ ಇರಲಿಲ್ಲ. "ಈ ಬೋಳು ಮೋರೆಯನ್ನು ಯಾರು ನೋಡುತ್ತಾರೆ?" ಎಂದು ಕುಗ್ಗಿಹೋಯಿತು.

ಅಷ್ಟರಲ್ಲಿ ವಾರಿಜಮ್ಮ ಬೊಡ್ಡೆಯ ಮಣ್ಣು ಒರೆಸಿ, ಅದರ ಗಂಟುಗಳ ಮೇಲೆ ಕೈಯಾಡಿಸಿ, ಬೀದಿಗೆಲ್ಲ ಕೇಳುವಂತೆ ಪಕ್ಕದ ಮನೆಯಾಕೆಯನ್ನು ಕೂಗಿದರು: "ಪದ್ದಕ್ಕಾ, ಓಡಿ ಬನ್ನಿ! ಎಂಥಾ ಬೊಡ್ಡೆ ನೋಡಿ! ಇಷ್ಟು ವರ್ಷ ಹೂವನ್ನೇ ನೋಡಿಕೊಂಡು ಇದನ್ನು ನೋಡಲೇ ಇಲ್ಲವಲ್ಲ!"

ಗಿಡಕ್ಕೆ ಮೈ ಜುಮ್ಮೆಂದಿತು. ಹೂ ಕೀಳಲು ಬಂದವರು ಎಷ್ಟೋ ಮಂದಿ. ತನ್ನನ್ನೇ ಮುಟ್ಟಿದವರು ಇವರೊಬ್ಬರೇ.

ಎರಡು ತಿಂಗಳಲ್ಲಿ ಚಿಗುರು ನುಗ್ಗಿ ಬಂತು. ಹೂ ತುಂಬಿದ ಕೊಂಬೆಯೊಂದು ಬೊಡ್ಡೆಯ ಮುಂದಕ್ಕೆ ಬಾಗಿದ್ದೇ ತಡ, ಗಿಡ ಕೂಗಿಕೊಂಡಿತು:

"ಗರಗಸಣ್ಣಾ, ಬೇಗ ಬಾ! ಹೂವು ಮತ್ತೆ ನನ್ನನ್ನು ಮುಚ್ಚುತ್ತಿದೆ!"