ಎರಡು ಪೊಟ್ಟಣ

"ಗುರುಗಳೇ, ಗುಪ್ತರೋಗಕ್ಕೆ ನಾನು ಕೊಟ್ಟ ಮದ್ದು ಒಯ್ದವರು ಯಾರೂ ಮತ್ತೆ ನನ್ನ ಬಾಗಿಲಿಗೆ ಬಂದಿಲ್ಲ. ಎಲ್ಲರಿಗೂ ಗುಣವಾಯಿತು ಅಂತಲೇ ಅರ್ಥ. ನನ್ನ ಕ್ರಮವನ್ನೇ ನಾಡಿನ ವೈದ್ಯರಿಗೆಲ್ಲ ನಿಯಮವಾಗಿ ಬರೆದು ಕಳಿಸಬಹುದಲ್ಲವೇ?" ಎಂದು ಶಿಷ್ಯ ಬೊಮ್ಮಯ್ಯ ಕೇಳಿದ.

ಗುರುಗಳು ಆಗಷ್ಟೇ ರೋಗಿಗಳನ್ನೆಲ್ಲ ಕಳಿಸಿ ಗೋಡೆಗೆ ಒರಗಿದ್ದರು. "ಅಯ್ಯೋ ಮಾರಾಯ, ನಿನಗೂ ಶುರುವಾಯಿತೇ? ವರ್ಷಕ್ಕೊಬ್ಬ ಇದೇ ಪ್ರಶ್ನೆ ಹೊತ್ತು ತರುತ್ತಾನೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಕೂತುಕೊ," ಎಂದು ಕತೆ ಶುರುಮಾಡಿದರು.

ಒಂದು ಪಟ್ಟಣದಲ್ಲಿ ಒಬ್ಬ ವೈದ್ಯನಿದ್ದ. ಒಳ್ಳೆಯವನೇ, ಬುದ್ಧಿವಂತನೇ, ನಿನ್ನ ಹಾಗೇ ಅನ್ನು. ಅಲ್ಲಿನ ಗಂಡಸರು ಊರೂರು ತಿರುಗುವ ವ್ಯಾಪಾರಿಗಳು. ಹೋದಲ್ಲಿ ರೋಗ ತಗುಲಿಸಿಕೊಂಡು ಬರುತ್ತಿದ್ದರು. ಅದು ಹೆಂಡತಿಗೂ ಅಂಟುತ್ತದೆ ಎಂದು ವೈದ್ಯನಿಗೆ ಗೊತ್ತಿತ್ತು. ಆದರೆ ಮರ್ಯಾದಸ್ಥರ ಮನೆಯ ಹೆಂಗಸರು ವೈದ್ಯನ ಜಗಲಿ ಹತ್ತುವ ಪದ್ಧತಿ ಆ ಊರಲ್ಲಿರಲಿಲ್ಲ. ಅದಕ್ಕೇ ಅವನು ಗಂಡನ ಕೈಯಲ್ಲಿ ಎರಡು ಪೊಟ್ಟಣ ಕೊಡುತ್ತಿದ್ದ, ಒಂದು ಅವನಿಗೆ, ಒಂದು ಅವಳಿಗೆ. ಒಯ್ದವರು ಯಾರೂ ಮತ್ತೆ ಬರಲಿಲ್ಲ. ವೈದ್ಯ ಹಿಗ್ಗಿದ. ಇದೇ ಸರಿಯಾದ ಕ್ರಮವೆಂದು ಬರೆದ. ಸುತ್ತಲಿನ ವೈದ್ಯರೂ ಅದನ್ನೇ ಹಿಡಿದರು.

ಹಾಗೆ ಮದ್ದು ಒಯ್ದವರಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ. ಅವನ ಹೆಂಡತಿ ಎರಡು ಸಲ ಬಸುರಾದಳು. ಎರಡು ಸಲವೂ ಮಗು ಹೊಟ್ಟೆಯಲ್ಲೇ ಹೋಯಿತು. ಇವಳ ಹೊಟ್ಟೆಯೇ ಸರಿಯಿಲ್ಲವೆಂದು ಅತ್ತೆ ಮಗನಿಗೆ ಬೇರೆ ಹೆಣ್ಣು ನೋಡತೊಡಗಿದಳು. ಮೂರನೆಯ ಸಲ ದಿನ ತುಂಬುತ್ತಾ ಬಂದಾಗ ಆ ಹೆಣ್ಣುಮಗಳು ಊರು ಏನಾದರೂ ಅಂದುಕೊಳ್ಳಲಿ ಎಂದು ಹಾಡುಹಗಲೇ ವೈದ್ಯನ ಜಗಲಿ ಹತ್ತಿದಳು.

"ಅಣ್ಣಾ, ಇದೊಂದನ್ನಾದರೂ ಉಳಿಸಿಕೊಡು," ಎಂದಳು.

ಅಂಗೈಯ ಕಲೆಗಳನ್ನು ನೋಡಿದೊಡನೆ, ಹೊಟ್ಟೆಯಲ್ಲೇ ಮಕ್ಕಳನ್ನು ಕೊಂದದ್ದು ಗಂಡನಿಂದ ಅಂಟಿದ ಅದೇ ರೋಗವೆಂದು ವೈದ್ಯನಿಗೆ ತಿಳಿಯಿತು. "ನಿನಗೆಂದು ಗಂಡನ ಕೈಯಲ್ಲಿ ಪೊಟ್ಟಣ ಕೊಟ್ಟಿದ್ದೆನಲ್ಲ ತಾಯಿ, ತಿನ್ನಲಿಲ್ಲವೇ?"

"ಯಾವ ಪೊಟ್ಟಣ?"

ವೈದ್ಯ ವ್ಯಾಪಾರಿಯನ್ನು ಕರೆಸಿದ. ಅವನು ತಲೆ ಎತ್ತಲಿಲ್ಲ. "ಕೊಟ್ಟರೆ ಯಾತಕ್ಕೆ ಅಂತ ಕೇಳುತ್ತಾಳಲ್ಲ ಸ್ವಾಮಿ. ಹೊಳೆಗೆ ಹಾಕಿದೆ. ಆಮೇಲೆ ನನಗೆ ರೋಗ ಮತ್ತೆ ಕಾಣಿಸಿಕೊಂಡಿತು. ನಿಮಗೆ ಮುಖ ತೋರಿಸಲು ನಾಚಿಕೆಯಾಗಿ ಪಕ್ಕದೂರಿನ ವೈದ್ಯರ ಹತ್ತಿರ ಹೋದೆ. ಅವರೂ ಎರಡು ಪೊಟ್ಟಣ ಕೊಟ್ಟರು."

ವೈದ್ಯ ತನ್ನ ಕೈಯಾರೆ ಅವಳಿಗೆ ಮದ್ದು ತಿನ್ನಿಸಿದ. ತಡವಾಗಿತ್ತು. ಆ ಮಗುವೂ ಉಸಿರಾಡಲಿಲ್ಲ. ಅತ್ತೆ ಅವಳನ್ನು ತವರಿಗೆ ಅಟ್ಟಿದಳು. ವೈದ್ಯನಿಗೆ ಅನ್ನ ಸೇರದಾಯಿತು. ಊರೂರು ಅಲೆದು, "ನನ್ನ ನಿಯಮ ತಪ್ಪು. ಹೆಂಗಸರನ್ನು ನೀವೇ ಕಂಡು ಕೇಳಿ," ಎಂದು ವೈದ್ಯರನ್ನೆಲ್ಲ ಬೇಡಿಕೊಂಡ. ಅವರು ನಕ್ಕರು. "ನಮ್ಮಲ್ಲಿ ಎಲ್ಲರಿಗೂ ಗುಣವಾಗಿದೆಯಪ್ಪ. ಯಾರೂ ಮತ್ತೆ ಬಂದೇ ಇಲ್ಲ," ಎಂದರು.

ಕತೆ ಮುಗಿಸಿ ಗುರುಗಳು ಕಣ್ಣು ಮುಚ್ಚಿಕೊಂಡರು. ಬೊಮ್ಮಯ್ಯ, "ಹಾಗಾದರೆ ನಾನು ಏನು ಬರೆಯಲಿ?" ಎಂದ.

"ಬರೆಯುವುದು ಆಮೇಲಿರಲಿ; ನಿನ್ನಿಂದ ಮದ್ದು ಒಯ್ದವರ ಮನೆಗಳಲ್ಲಿ ಎಷ್ಟು ತೊಟ್ಟಿಲು ಖಾಲಿ ಇವೆ, ಹೇಳು."