ದುಂಡಕ್ಕನ ಜೇನುಪಾಯಸ

ಮಕ್ಕಳೇ, ಒಂದು ಕಾಡಿನ ಮರಿಗಳೂ ನಿಮ್ಮ ಹಾಗೆಯೇ ಶಾಲೆಗೆ ಹೋಗುತ್ತಿದ್ದವು. ಕೆರೆಯಂಚಿನ ಗೋಣಿಮರದ ಕೆಳಗೆ ಶಾಲೆ. ಪಾಠಕ್ಕೆ ಆಮೆ ಮೇಷ್ಟ್ರು. ಮಧ್ಯಾಹ್ನ ಬಿಸಿಯೂಟ ಬಡಿಸಲು ದುಂಡಕ್ಕ ಎಂಬ ಕರಡಿ.

ಊಟದಲ್ಲಿ ಸೊಪ್ಪು, ಕಾಳು ಇರಲೇಬೇಕು. ಮೇಷ್ಟ್ರು ತಿಂದು ನೋಡಿದ ಮೇಲೆಯೇ ಮರಿಗಳಿಗೆ ಬಡಿಸಬೇಕು. ಅದು ಕಾಡಿನ ಕಟ್ಟಳೆ.

ದುಂಡಕ್ಕನದು ಬೆಣ್ಣೆಯಂಥ ಮನಸ್ಸು. ಆದರೆ ಎಲ್ಲರೂ ತನ್ನನ್ನು ಹೊಗಳಬೇಕೆಂಬ ಆಸೆ. ಒಂದು ದಿನ ಕೋತಿಮರಿ, "ಥೂ, ಮತ್ತೆ ಸೊಪ್ಪಾ!" ಎಂದು ಮುಖ ಸಿಂಡರಿಸಿತು. ಅವಳಿಗೆ ತಡೆಯಲಾಗಲಿಲ್ಲ. ಮರುದಿನದಿಂದ ಬರೀ ಜೇನುಪಾಯಸ!

"ದುಂಡಕ್ಕಾ, ನಿನ್ನಂಥವರು ಯಾರೂ ಇಲ್ಲ!" ಎಂದು ಮರಿಗಳು ಕುಣಿದವು. ಮೇಷ್ಟ್ರೋ, "ಇನ್ನೊಂದು ಸೌಟು ಹಾಕಮ್ಮ" ಎಂದರೇ ಹೊರತು ಸೊಪ್ಪೆಲ್ಲಿ ಎಂದು ಕೇಳಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಉಳಿದ ಮರಿಗಳಿಗೆ ಮನೆಯಲ್ಲಿ ಒಂದಿಷ್ಟು ಸೊಪ್ಪು ಸಿಗುತ್ತಿತ್ತು. ಚಿಗುರಿ ಎಂಬ ಮೊಲದ ಮರಿಗೆ ಅದೂ ಇಲ್ಲ. ಅವಳಮ್ಮ ಕಾಲು ಮುರಿದುಕೊಂಡು ಬಿಲದಲ್ಲೇ ಮಲಗಿದ್ದಳು. ಶಾಲೆಯ ಊಟವೇ ಚಿಗುರಿಯ ಊಟ. ಪಾಪ, ದಿನೇ ದಿನೇ ಸೊರಗಿಹೋದಳು.

ಒಂದು ಮಧ್ಯಾಹ್ನ ಮೈನಾ ಕೂಗಿತು: "ಗಿಡುಗ ಬಂತು, ಓಡಿ!"

ಮರಿಗಳೆಲ್ಲ ಪೊದೆ ಸೇರಿದವು. ಚಿಗುರಿ ಮಾತ್ರ ನಾಲ್ಕು ಹೆಜ್ಜೆ ಓಡಿ ಕುಸಿದಳು. ದುಂಡಕ್ಕ ಸೌಟು ಬೀಸುತ್ತ ಓಡೋಡಿ ಬಂದು ಅವಳ ಮೇಲೆ ಬಾಗಿ ನಿಂತಳು. ಗಿಡುಗ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿತು.

ನಡುಗುತ್ತಿದ್ದ ಮರಿಯನ್ನು ದುಂಡಕ್ಕ ತನ್ನ ಗುಹೆಗೆ ಹೊತ್ತು ತಂದಳು. ಒಲೆಯ ಮೇಲಿದ್ದ ಸೊಪ್ಪು, ಹುರುಳಿಕಾಳು ಬಡಿಸಿದಳು. ಚಿಗುರಿ ಗಬಗಬ ತಿಂದಳು. ಪಕ್ಕದಲ್ಲಿ, ಶಾಲೆಗಿನ್ನೂ ಸೇರದ ದುಂಡಕ್ಕನ ಮರಿಯೂ ಅದನ್ನೇ ತಿನ್ನುತ್ತಿತ್ತು.

"ಇವನಿಗೆ ಪಾಯಸ ಕೊಡಲ್ವಾ, ದುಂಡಕ್ಕಾ?"

"ಬರೀ ಪಾಯಸ ತಿಂದ್ರೆ ಮೈಗೆ ಶಕ್ತಿ ಎಲ್ಲಿಂದ ಬರುತ್ತಮ್ಮಾ? ಎಷ್ಟು ಅತ್ತರೂ ಕೊಡಲ್ಲ."

"ಮತ್ತೆ ನಮಗ್ಯಾಕೆ ಕೊಡ್ತೀಯ?"

ದುಂಡಕ್ಕ ಚಿಗುರಿಯನ್ನು ಎದೆಗವಚಿಕೊಂಡು ಅತ್ತುಬಿಟ್ಟಳು.

ಮರುದಿನ ಶಾಲೆಯಲ್ಲಿ ಮತ್ತೆ ಸೊಪ್ಪು, ಕಾಳು. ಕೋತಿಮರಿ "ಥೂ" ಎಂದಿತು. "ಬೈಕೋ ಕಂದಾ, ಆದರೆ ಉಣ್ಣು," ಎಂದ ದುಂಡಕ್ಕ ತನ್ನ ಮರಿಯನ್ನೂ ಪಂಕ್ತಿಯಲ್ಲಿ ಕೂರಿಸಿ ಅದನ್ನೇ ಬಡಿಸಿದಳು. ಮೇಷ್ಟ್ರು ತಲೆ ತಗ್ಗಿಸಿ ಮೊದಲ ತುತ್ತು ತಿಂದರು. ಚಿಗುರಿಯೋ, ಎರಡನೇ ಸಲ ಎಲೆ ಮುಂದೆ ಚಾಚಿದಳು.

ನೀತಿ: ನಮ್ಮ ಮಕ್ಕಳಿಗೆ ಯಾವುದು ಹಿತವೋ ಅದನ್ನೇ ಎಲ್ಲರ ಮಕ್ಕಳಿಗೂ ಬಡಿಸಬೇಕು.